ಬೇಲಿಯ ಸಾಕ್ಷಿ

ಪರಸ್ಥಳದವನೊಬ್ಬ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಳಿದು, ಒಳ್ಳೆಯ ರೇಷ್ಮೆ ಸೀರೆ ಎಲ್ಲಿ ಸಿಕ್ಕುತ್ತದೆಂದು ವಿಚಾರಿಸುತ್ತಾನೆ ಎಂದಿಟ್ಟುಕೊಳ್ಳಿ. ಯಾರನ್ನು ಕೇಳಬೇಕು? ಸೀರೆ ಅಂಗಡಿಯವನನ್ನು ಕೇಳಿದರೆ ತನ್ನ ಅಂಗಡಿಯನ್ನೇ ತೋರಿಸುತ್ತಾನೆ. ಆದ್ದರಿಂದ ಎಳನೀರು ಮಾರುವವನನ್ನೋ ಆಟೋದವನನ್ನೋ ಕೇಳುವುದೇ ವಾಡಿಕೆ. ಸೀರೆಯ ವಿಷಯದಲ್ಲಿ ಆತನ ಪಾಂಡಿತ್ಯ ಎಷ್ಟೆಂದು ಯಾರೂ ಪರೀಕ್ಷಿಸುವುದಿಲ್ಲ. ಕಸುಬು ಬೇರೆಯಾದುದರಿಂದಲೇ ನಂಬುತ್ತೇವೆ. ಸುಳ್ಳು ಹೇಳಿ ಈತನಿಗೆ ಆಗಬೇಕಾದ್ದೇನು, ಎಂದು. ಆದರೆ ಆಟೋದವನಿಗೆ ಆ ಅಂಗಡಿಯಿಂದ ಕಮಿಷನ್ ಸಲ್ಲುತ್ತದೆಂದು ತಿಳಿದ ಗಳಿಗೆಯಲ್ಲಿಯೇ ನಮ್ಮ ಮಾತು ತಿರುಗುತ್ತದೆ: ‘ಗಾಡಿ ಓಡಿಸುವವನಿಗೆ ಸೀರೆಯ ಗೊಡವೆ ಏಕೆ?’ ಕಸುಬು ಬೇರೆ ಎಂಬ ಒಂದೇ ಸಂಗತಿ ಮೊದಲು ವಿಶ್ವಾಸಕ್ಕೆ ಕಾರಣವಾಯಿತು, ಮರುಕ್ಷಣ ಸಂಶಯಕ್ಕೆ.

ಬಹು ಹಳೆಯದಾದ ಈ ತೊಡಕು ಈಗ ಯಂತ್ರದ ಪಾಲಿಗೂ ಬಂದಿದೆ. ಇಂದು ಸೀರೆ ಬೇಕಾದವರು ಬಸ್ಸು ಹತ್ತುವುದಕ್ಕೆ ಮೊದಲೇ ಗೂಗಲ್ಲನ್ನು ಕೇಳುತ್ತಾರೆ. ಅದು ಸಾವಿರಾರು ಜಾಲತಾಣಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು? ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಎಂಬ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು 1998 ರಲ್ಲಿ ಪ್ರಕಟಿಸಿದ ಉಪಾಯ ಸರಳವಾಗಿದೆ. ಒಂದು ತಾಣದಿಂದ ಇನ್ನೊಂದಕ್ಕೆ ಹಾಕಿದ ಕೊಂಡಿಯನ್ನು—ನಮ್ಮ ಹುಡುಗರು ಲಿಂಕು ಎನ್ನುವುದನ್ನು—ಒಂದು ಮತವೆಂದು ಎಣಿಸುವುದು. ಎಲ್ಲ ಮತಕ್ಕೂ ಒಂದೇ ತೂಕವಲ್ಲ; ಯಾರತ್ತ ಹೆಚ್ಚು ಮಂದಿ ಬೆರಳು ತೋರಿಸಿದ್ದಾರೋ ಅವರು ತೋರಿಸುವ ಬೆರಳಿಗೆ ತೂಕ ಹೆಚ್ಚು. ಹತ್ತು ಜನರನ್ನು ಶಿಫಾರಸು ಮಾಡುವವನ ಮಾತು ಹತ್ತು ಪಾಲಾಗಿ ಹಂಚಿಹೋಗುತ್ತದೆ. ಪಂಡಿತರು ತಮ್ಮ ಪ್ರಬಂಧಗಳಲ್ಲಿ ಒಬ್ಬರನ್ನೊಬ್ಬರು ಉಲ್ಲೇಖಿಸುವ ಪದ್ಧತಿಯಿಂದ ಹುಟ್ಟಿದ ಯೋಚನೆ ಇದು.

ಈ ಲೆಕ್ಕದಲ್ಲಿ ಮೊದಲಿಗೆ ಒಂದು ಪ್ರಶ್ನೆ ಇರಲಿಲ್ಲ: ಬೆರಳು ತೋರಿಸಿದವನಿಗೂ ತೋರಿಸಲ್ಪಟ್ಟವನಿಗೂ ಏನು ಸಂಬಂಧ? ಹಲ್ಲಿನ ವೈದ್ಯರ ತಾಣದಿಂದ ಸೀರೆ ಅಂಗಡಿಗೆ ಕೊಂಡಿ ಬಿದ್ದರೂ ಮತ ಮತವೇ. ವಿಷಯವನ್ನು ನೋಡಿ ತೂಗುವ ಬಗೆಯೊಂದನ್ನು ಅದೇ ಸ್ಟ್ಯಾನ್‌ಫರ್ಡಿನ ತಾಹೆರ್ ಹವೇಲಿವಾಲಾ ಎಂಬಾತ 2002 ರಲ್ಲಿ ಸೂಚಿಸಿದ. ಆ ಹೊತ್ತಿಗೆ ಮತಗಳ ವ್ಯಾಪಾರ ಆರಂಭವಾಗಿತ್ತು. ಲೆಕ್ಕ ಇಡುವವನೊಬ್ಬ ಇದ್ದಾನೆಂದು ಗೊತ್ತಾದ ಮೇಲೆ ಹೊಗಳಿಕೆ ಹಿಂದಿನ ಹೊಗಳಿಕೆಯಾಗಿ ಉಳಿಯುವುದುಂಟೇ?

2011 ರಲ್ಲಿ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಬಯಲಿಗೆಳೆದ ಸಂಗತಿಯನ್ನು ನೋಡಿ. ಜೆ. ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಉಡುಪು, ಪರದೆ, ಪೆಟ್ಟಿಗೆ ಮೊದಲಾದವುಗಳ ಹುಡುಕಾಟದಲ್ಲಿ ತಿಂಗಳುಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಕಾರಣ ಹುಡುಕಿದರೆ, ಉಡುಪಿಗೂ ತಮಗೂ ಯಾವ ನಂಟೂ ಇಲ್ಲದ ಎಷ್ಟೋ ತಾಣಗಳು, ಜೂಜಾಟದವು, ಪರಮಾಣು ಎಂಜಿನಿಯರಿಂಗಿನದು ಕೂಡ, ಈ ಅಂಗಡಿಯ ಕಡೆ ಬೆರಳು ತೋರಿಸುತ್ತಿದ್ದವು. ಇದು ತಮ್ಮ ಅರಿವಿಗೆ ಬಾರದೆ ನಡೆದದ್ದೆಂದು ಅಂಗಡಿಯವರು ಹೇಳಿದರು. ಗೂಗಲ್ ಅವರನ್ನು ಕೆಳಕ್ಕೆ ತಳ್ಳಿತು. ಮರುವರ್ಷ, 2012 ರ ಏಪ್ರಿಲ್‌ನಲ್ಲಿ, ಇಂಥ ಕೃತಕ ಕೊಂಡಿಗಳನ್ನು ಹಿಡಿಯಲೆಂದೇ ‘ಪೆಂಗ್ವಿನ್’ ಎಂಬ ಹೊಸ ಏರ್ಪಾಡು ಬಂತು. 2013 ರಲ್ಲಿ ಇಂಗ್ಲೆಂಡಿನ ಇಂಟರ್‌ಫ್ಲೋರಾ ಎಂಬ ಹೂವಿನ ವ್ಯಾಪಾರಸ್ಥರಿಗೂ ಶಿಕ್ಷೆಯಾಯಿತು. ಅವರ ಪರವಾಗಿ ಕೊಂಡಿ ಹಾಕಿದ್ದವು ಊರೂರಿನ ಪತ್ರಿಕೆಗಳು, ಜಾಹೀರಾತನ್ನು ಲೇಖನದ ವೇಷದಲ್ಲಿ ಅಚ್ಚುಹಾಕಿ. ಪತ್ರಿಕೆಯ ಪುಟದಲ್ಲಿಯೇ ಕುಳಿತು ಇದನ್ನು ಬರೆಯುತ್ತಿರುವ ನಾನು ಇದಕ್ಕಿಂತ ಹೆಚ್ಚು ಹೇಳದಿರುವುದು ಕ್ಷೇಮ.

ಓತಿಕ್ಯಾತನಿಗೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ, ಎಂದು ನಮ್ಮವರು ನಗುವುದು ಇಂಥದನ್ನು ಕಂಡೇ. ಹಾಗಾದರೆ ತಕ್ಕ ಸಾಕ್ಷಿ ಯಾರು? ನ್ಯಾಯಶಾಸ್ತ್ರದವರು ಇದನ್ನು ಎಂದೋ ಚರ್ಚಿಸಿದ್ದಾರೆ. ಪರರ ಮಾತು ನಮಗೆ ಪ್ರಮಾಣವಾಗಬೇಕಾದರೆ ಆಡಿದವನು ಆಪ್ತನಾಗಿರಬೇಕು. ಆಪ್ತನೆಂದರೆ ನೆಂಟನಲ್ಲ; ಸಂಗತಿಯನ್ನು ತಾನೇ ಕಂಡು, ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ವಾತ್ಸ್ಯಾಯನ ತನ್ನ ಭಾಷ್ಯದಲ್ಲಿ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಒಪ್ಪುತ್ತಾನೆ. ಅಷ್ಟು ಹಿಂದೆಯೇ ಇಷ್ಟು ಉದಾರವಾದ ಮಾತು! ಸಾಕ್ಷಿಯ ಕುಲವನ್ನು ಕೇಳಬೇಡ. ಅವನು ಕಂಡನೋ ಇಲ್ಲವೋ, ಕಂಡದ್ದನ್ನೇ ಹೇಳುತ್ತಿದ್ದಾನೋ ಇಲ್ಲವೋ ಅದನ್ನು ಕೇಳು. ನನ್ನ ಮಟ್ಟಿಗೆ ಕೊಂಡಿಗೂ ಇದೇ ಮಾತು ಸಲ್ಲುತ್ತದೆ. ಹಲ್ಲಿನ ವೈದ್ಯರು ತಮ್ಮ ಮಗಳ ಮದುವೆಗೆ ಇಲ್ಲಿ ಸೀರೆ ಕೊಂಡು, ಮೆಚ್ಚಿ, ನಾಲ್ಕು ಮಾತು ಬರೆದರೆ ಅವರು ಆಪ್ತರು. ಸೀರೆಯ ವ್ಯಾಪಾರಿಯೇ ದುಡ್ಡು ತೆಗೆದುಕೊಂಡು ಬರೆದರೆ ಕಸುಬು ಒಂದೇ ಆದರೂ ಆತ ಆಪ್ತನಲ್ಲ.

ಯಳಂದೂರಿನ ಸಂಚಿಯ ಹೊನ್ನಮ್ಮನನ್ನೇ ನೆನೆಯಬಹುದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವುದು ಆಕೆಯ ಊಳಿಗ. ಕಾವ್ಯದ ಬೀದಿಗೆ ಸೇರಿದವಳಲ್ಲ. ಆಕೆಯನ್ನು ಶಿಷ್ಯೆಯಾಗಿ ಸ್ವೀಕರಿಸಿದವನು ‘ಮಿತ್ರವಿಂದಾ ಗೋವಿಂದ’ ನಾಟಕ ಬರೆದ ಸಿಂಗರಾರ್ಯ. ಸಂಚಿಗೂ ನಾಟಕಕ್ಕೂ ಏನು ಸಂಬಂಧವೆಂದು ಕೇಳುವ ಲೆಕ್ಕಿಗ ಆ ಅರಮನೆಯಲ್ಲಿ ಕುಳಿತಿದ್ದರೆ ‘ಹದಿಬದೆಯ ಧರ್ಮ’ ನಮ್ಮ ಕೈಗೆ ಬರುತ್ತಿತ್ತೋ ಇಲ್ಲವೋ.

ಯಂತ್ರದ ಕಷ್ಟವೇನೆಂದರೆ, ಅದಕ್ಕೆ ಮನಸ್ಸು ಕಾಣುವುದಿಲ್ಲ. ಬರೆದವನು ಸೀರೆಯನ್ನು ಮುಟ್ಟಿ ನೋಡಿದನೇ ಎಂಬುದು ಗೊತ್ತಾಗದು. ಆದುದರಿಂದ ಅದು ಗುರುತುಗಳನ್ನು ಹಿಡಿದು ಊಹಿಸಬೇಕು: ಎರಡೂ ತಾಣಗಳ ವಿಷಯ ಹೊಂದುತ್ತದೆಯೇ, ಕೊಂಡಿಯ ಸುತ್ತಲಿನ ಮಾತೇನು, ಒಂದೇ ರಾತ್ರಿ ನೂರು ಕೊಂಡಿ ಹುಟ್ಟಿದವೇ. ಯಾವುದಕ್ಕೆ ಎಷ್ಟು ತೂಕವೆಂಬ ಗುಟ್ಟನ್ನು ಕಂಪನಿ ಬಿಡುವುದಿಲ್ಲ. ಬಿಟ್ಟರೆ ಮೋಸಗಾರರು ಮೊದಲು ಓದುತ್ತಾರೆ, ನ್ಯಾಯವೇ. ಆದರೆ ಇದರ ಫಲವಾಗಿ ಅನ್ಯ ಕಸುಬಿನ ಪ್ರಾಮಾಣಿಕ ಸಾಕ್ಷಿಯ ಮೇಲೂ ಕಳ್ಳ ಸಾಕ್ಷಿಯ ನೆರಳು ಬೀಳುತ್ತದೆ. ಸುಳ್ಳರು ಹೆಚ್ಚಾದ ಊರಿನಲ್ಲಿ ನಿಜ ಹೇಳುವವನೂ ಆಣೆ ಇಡಬೇಕು.

ನಮ್ಮ ಮೂರು ತಾಲ್ಲೂಕುಗಳಂಥ ಕಡೆ ಈ ನಷ್ಟ ಇನ್ನೂ ದೊಡ್ಡದು. ಪೇಟೆಯ ಲೆಕ್ಕದಲ್ಲಿ ರೇಷ್ಮೆ ಜವಳಿಗೆ ಸೇರಿತು, ಮಹದೇಶ್ವರನ ಬೆಟ್ಟ ತೀರ್ಥಯಾತ್ರೆಗೆ, ಸೋಲಿಗರ ಜೇನು ಆಹಾರಕ್ಕೆ, ಬಿಳಿಗಿರಿಯ ಕಾಡು ಪ್ರವಾಸಕ್ಕೆ. ಇಲ್ಲಿ ಬಾಳುವವರಿಗೆ ಇವು ನಾಲ್ಕು ಕೋಣೆಗಳಲ್ಲ. ಹನೂರಿನ ಮೇಲೆ ಬೆಟ್ಟಕ್ಕೆ ಹೋಗುವ ಪರಸೆಯವರು ಕೊಳ್ಳೇಗಾಲದಲ್ಲಿ ಇಳಿಯುತ್ತಾರೆ, ಉಣ್ಣುತ್ತಾರೆ, ಕೊಳ್ಳುತ್ತಾರೆ. ಹಿಪ್ಪುನೇರಳೆ ಬೆಳೆಯುವವನು ವರ್ಷಕ್ಕೊಮ್ಮೆ ಕಂಸಾಳೆಯವರ ಹಾಡು ಕೇಳದೆ ಇರುವವನಲ್ಲ. ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಒಪ್ಪಿಸುವ ಪದ್ಧತಿಯುಂಟು. ಭಕ್ತರು ಅವನ್ನು ತಲೆಯ ಮೇಲೆ ಮುಟ್ಟಿಸಿಕೊಳ್ಳುತ್ತಾರೆ. ಚರ್ಮದ ಕೆಲಸವನ್ನೂ ದೇವಾಲಯವನ್ನೂ ಯಾವ ವಿಂಗಡಣೆ ಒಂದೇ ಪಟ್ಟಿಯಲ್ಲಿ ಬರೆದೀತು? ಕೊಳ್ಳೇಗಾಲ 1956 ರವರೆಗೆ ಮದರಾಸು ಸಂಸ್ಥಾನದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಪಕ್ಕದ ಯಳಂದೂರು ಮೈಸೂರಿನಲ್ಲಿ. ಕಾಗದದ ಮೇಲೆ ಅನ್ಯರಾದರೂ ಕೊಟ್ಟು ತರುವ ನೆಂಟಸ್ತಿಕೆ ನಿಂತಿರಲಿಲ್ಲ.

ಈ ವಿಚಾರ ನನಗೆ ಬರಿಯ ತರ್ಕವಾಗಿ ಬಂದದ್ದಲ್ಲ. ನನ್ನ ಸೋದರಳಿಯ ಕೊಳ್ಳೇಗಾಲದಲ್ಲಿ ಎರಡು ಮಗ್ಗ ಇಟ್ಟುಕೊಂಡು, ಜಾಲತಾಣದ ಮೂಲಕ ಸೀರೆ ಮಾರುತ್ತಾನೆ. ಹುಡುಕಿದರೆ ಅವನು ಬರುವುದು ಮೂರನೆಯ ಪುಟದಲ್ಲಿ. ಮೂರನೆಯ ಪುಟವನ್ನು ಯಾರು ನೋಡುತ್ತಾರೆ? ಬೆಂಗಳೂರಿನ ಏಜೆಂಟನೊಬ್ಬ ಟೈರು ಅಂಗಡಿ, ಹೋಟೆಲು, ಸಾಲ ಕೊಡುವವರು ಇಂಥ ಇನ್ನೂರು ತಾಣಗಳಿಂದ ಕೊಂಡಿ ಹಾಕಿಸಿಕೊಡುವುದಾಗಿ ಹಣ ಕೇಳಿದ್ದಾನೆ. ಹಣವಿಲ್ಲದೆ ಅಳಿಯ ನನ್ನ ಬಳಿಗೆ ಬಂದ. ಮಹದೇಶ್ವರ ಬೆಟ್ಟದ ದಾರಿ, ಹಾಡು, ಹರಕೆಗಳ ಬಗ್ಗೆ ನಾನು ಬರೆದಿಟ್ಟ ಒಂದು ತಾಣವಿದೆ; ಅಲ್ಲಿಗೆ ಬಂದುಹೋಗುವವರು ಇದ್ದಾರೆ.

“ಅದರಲ್ಲಿ ನಂದೊಂದು ಲಿಂಕ್ ಹಾಕಿ ಮಾವ. ನೀವೇನೂ ಸುಳ್ಳು ಹೇಳ್ಬೇಕಾಗಿಲ್ಲ. ನಾನೂ ನಿಮ್ದು ಹಾಕ್ತೀನಿ,” ಎಂದ.

ಬೇಲಿ, ಓತಿಕ್ಯಾತ! ನಾನು ಇನ್ನೊಂದು ದಾರಿ ಹೇಳಿದೆ. ‘ಇದನ್ನು ಮತವೆಂದು ಎಣಿಸಬೇಡ’ ಎಂದು ಯಂತ್ರಕ್ಕೆ ತಿಳಿಸುವ ಗುರುತೊಂದು 2005 ರಿಂದ ಬಳಕೆಯಲ್ಲಿದೆ. ಹಣ ಪಡೆದು ಹಾಕಿದ ಕೊಂಡಿಗೆ ಬೇರೆಯದೇ ಗುರುತು 2019 ರಲ್ಲಿ ಬಂತು. ಮೊದಲಿನ ಗುರುತಿಟ್ಟು ಹಾಕೋಣ, ಬಂದ ಯಾತ್ರಿಕರು ಬೇಕಾದರೆ ನಿನ್ನ ಅಂಗಡಿಗೂ ಬರಲಿ, ಎಂದೆ.

“ಲೆಕ್ಕಕ್ಕೆ ಬರದ ಲಿಂಕ್ ತಗೊಂಡು ನಾನೇನು ಮಾಡ್ಲಿ ಮಾವ?”

ಆ ಮಾತಿನಲ್ಲಿ ಎಲ್ಲವೂ ಬಯಲಾಯಿತು. ಅವನಿಗೆ ಬೇಕಾದದ್ದು ನನ್ನ ಓದುಗರಲ್ಲ, ನನ್ನ ಬೆರಳು. ಆದರೂ ಅವನನ್ನು ಜರೆಯಲು ನನಗೆ ಬಾಯಿ ಬರಲಿಲ್ಲ. ಲೆಕ್ಕವೇ ಗಿರಾಕಿಯನ್ನು ತರುವ ಕಾಲದಲ್ಲಿ ಲೆಕ್ಕ ಕೇಳಿದ್ದು ದುರಾಸೆಯಲ್ಲ. ಎರಡು ಮಗ್ಗ ಆಡಬೇಕು. ಟೈರು ಅಂಗಡಿಗಳ ಹೊಗಳಿಕೆ ಕೊಂಡವರು ಅವನಿಗಿಂತ ಮೇಲೆ ಕುಳಿತಿದ್ದಾರೆ, ಅವರಲ್ಲಿ ಎಷ್ಟೋ ಮಂದಿಯನ್ನು ಪೆಂಗ್ವಿನ್ ಇನ್ನೂ ಹಿಡಿದಿಲ್ಲ. ನನ್ನ ಮಡಿಯ ಖರ್ಚನ್ನು ಅವನು ಭರಿಸಬೇಕೆಂಬುದು ಎಲ್ಲಿಯ ಧರ್ಮ?

ಬಹಳ ದಿನ ಯೋಚಿಸಿ ನಾನು ಒಂದು ಅಳತೆ ಇಟ್ಟುಕೊಂಡೆ. ಎಣಿಸುವವರು ಯಾರೂ ಇಲ್ಲದಿದ್ದರೂ ಈ ಕೊಂಡಿಯನ್ನು ನಾನು ಇಲ್ಲಿ ಹಾಕುತ್ತಿದ್ದೆನೇ? ಹರಕೆಯ ಪುಟದಲ್ಲಿ ಹಾಕುತ್ತಿರಲಿಲ್ಲ. ಅಲ್ಲಿ ಸೀರೆಯನ್ನು ಓದುಗ ಕೇಳಿಲ್ಲ. ಆದರೆ ಅವನ ಮಗ್ಗದ ಮುಂದೆ ಮೂರು ದಿನ ಕುಳಿತು, ನೂಲು ಬಣ್ಣಕ್ಕೆ ಹೋಗಿ ಬರುವುದು, ಹಾಸು ಹೂಡುವುದು, ಸರಿಗೆ ಅಂಚು ಕೂಡುವುದು ಎಲ್ಲವನ್ನೂ ಕಂಡು ಬರೆದೆ. ಕಂಡದ್ದನ್ನು ಎಲ್ಲಿ ಕಂಡೆನೆಂದು ಹೇಳುವುದು ಸಹಜ. ಈತ ನನ್ನ ಅಳಿಯ ಎಂಬುದನ್ನೂ ಅಲ್ಲಿಯೇ ಬರೆದೆ. ಆ ಪುಟದಿಂದ, ಯಾವ ಗುರುತೂ ಇಲ್ಲದೆ, ಕೊಂಡಿ ಹಾಕಿದೆ. ಅವನು ನನಗೆ ತಿರುಗಿ ಹಾಕಕೂಡದೆಂದೆ. ನಂಟಿನ ಮಾತು ಓದಿದವರು ನನ್ನ ಸಾಕ್ಷಿಯಲ್ಲಿ ಬೇಕಾದಷ್ಟು ಸೋಡಿ ಹಿಡಿದುಕೊಳ್ಳಬಹುದು. ಯಂತ್ರ ಹಿಡಿದುಕೊಂಡಿತೋ ಇಲ್ಲವೋ ಅದು ಅದರ ವಿಚಾರ.

ಅವನು ಈಗಲೂ ಮೂರನೆಯ ಪುಟದಲ್ಲಿಯೇ ಇದ್ದಾನೆ. ಮೊನ್ನೆ ಮತ್ತೆ ಬಂದು, ಯಳಂದೂರಿನಲ್ಲಿ ಮದುವೆಯ ರವಿಕೆ ಹೊಲಿಯುವ ಒಬ್ಬಾಕೆ ತನ್ನದೊಂದು ಜಾಲತಾಣ ಮಾಡಿಕೊಂಡಿದ್ದಾಳೆ, ಅವಳನ್ನು ಕೇಳಬಹುದೇ, ಎಂದ. ನಿನ್ನ ಸೀರೆ ಕೈಯಲ್ಲಿ ಹಿಡಿದು ನೋಡಿದವಳು, ಧಾರಾಳವಾಗಿ ಕೇಳು, ಎಂದೆ.

“ಬದಲಿಗೆ ನೀನೇನು ಕೊಡ್ತೀಯ ಅಂದ್ರೆ?”

“ಹೊಲಿಯೋದಕ್ಕೆ ಬಟ್ಟೆ ಕೊಡು.”