ಸಾಲು ನಿಂತವರ ಲೆಕ್ಕ

ಚುನಾವಣೆ ಮುಗಿದ ಮಾರನೇ ದಿನ ನಮ್ಮ ಮಂಗಳೂರಿಗೆ ಹೊಗಳಿಕೆ ತಪ್ಪುವುದಿಲ್ಲ. ಬುದ್ಧಿವಂತರ ಜಿಲ್ಲೆ, ಪ್ರಜಾಪ್ರಭುತ್ವದ ಹಬ್ಬ, ಎಚ್ಚೆತ್ತ ಮತದಾರ. ಮಾತುಗಳು ಮೊದಲೇ ತಯಾರಿರುತ್ತವೆ. 2024ರ ಏಪ್ರಿಲ್ 26ರಂದು ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ನೂರಕ್ಕೆ 77ಕ್ಕೂ ಮಿಕ್ಕಿ ಜನ ಓಟು ಹಾಕಿದರು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಹಾಕಿದವರು ನೂರಕ್ಕೆ 53ರ ಆಸುಪಾಸು. ಸರಿ, ನಾವೇ ಮೇಲು. ಆದರೆ ಯೇಸುವಿನ ಹೆಸರು ಹೊತ್ತು ಈ ಊರಲ್ಲಿ ಬೆಳೆದ, ಮನೆಗೆ ಮೊದಲ ಸಲ ಅಕ್ಷರ ತಂದ ನಮ್ಮಂಥವರಿಗೆ ಈ ಹೊಗಳಿಕೆ ಗಂಟಲಲ್ಲಿ ಇಳಿಯುವುದಿಲ್ಲ. ಯಾಕೆ ಅಂತ ಹೇಳಲೇಬೇಕು.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಓಟು ಸಣ್ಣದು ಅಂತ ನಾವು ಹೇಳುತ್ತಿಲ್ಲ. ಈ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದಾಗ ಓಟು ಇದ್ದದ್ದು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ. ಕಂಬಳದ ಗದ್ದೆಯ ಕೆಸರು ತುಳಿದ ಕೊರಗರಿಗೆ, ಮೇರರಿಗೆ, ಮೊಗೇರರಿಗೆ ಅಲ್ಲ. 1928ರಲ್ಲಿ ಸೈಮನ್ ಆಯೋಗದ ಮುಂದೆ ಬಾಬಾಸಾಹೇಬರು ವಯಸ್ಕರೆಲ್ಲರಿಗೂ ಓಟು ಬೇಕೆಂದು ವಾದಿಸಿದರು. 1951-52ರ ಮೊದಲ ಮಹಾಚುನಾವಣೆಯಲ್ಲಿ ಧಣಿಯೂ ಅವನ ಒಕ್ಕಲೂ ಒಂದೇ ಸಾಲಿನಲ್ಲಿ ನಿಂತರು. ಅದು ಯಾರೂ ಕೊಟ್ಟ ಭಿಕ್ಷೆಯಲ್ಲ, ಗೆದ್ದುಕೊಂಡದ್ದು. ಆದರೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅದೇ ಅಂಬೇಡ್ಕರರು ಎಚ್ಚರಿಸಿದ್ದನ್ನೂ ಮರೆಯಬಾರದು. ರಾಜಕೀಯದಲ್ಲಿ ಸಮಾನತೆ ಬಂತು, ಬದುಕಿನಲ್ಲಿ ಅಸಮಾನತೆ ಉಳಿಯಿತು, ಈ ವೈರುಧ್ಯವನ್ನು ಬೇಗ ತೊಡೆಯದಿದ್ದರೆ ನರಳಿದವರು ಇಡೀ ಕಟ್ಟಡವನ್ನೇ ಉರುಳಿಸುತ್ತಾರೆ ಅಂದಿದ್ದರು. ಶೇಕಡಾವಾರು ಹಿಡಿದು ಕುಣಿಯುವವರು ಮುಚ್ಚಿಡುವುದು ಈ ವೈರುಧ್ಯವನ್ನೇ.

ನಮ್ಮ ಬೈಬಲಿನಲ್ಲಿ ಒಂದು ಕತೆ ಇದೆ. ದಾವೀದ ಅರಸನಿಗೆ ತನ್ನ ಜನರನ್ನು ಎಣಿಸುವ ಆಸೆ ಹುಟ್ಟಿತು. ಸೇನಾಪತಿ ಯೋವಾಬನೇ ಬೇಡ ಅಂದ. ಅರಸ ಕೇಳಲಿಲ್ಲ. ಕತ್ತಿ ಹಿಡಿಯಬಲ್ಲವರು ಎಷ್ಟು ಅಂತ ಎಣಿಸಿದ. ಅದು ಪಾಪವಾಯಿತು. ನಾಡಿಗೆ ವ್ಯಾಧಿ ಬಂತು, ಸತ್ತವರು ಎಪ್ಪತ್ತು ಸಾವಿರ. ಎಣಿಸಿದ್ದು ಅರಸ, ಸತ್ತದ್ದು ಜನ! ಎಣಿಸುವುದರಲ್ಲಿ ಪಾಪ ಏನು ಅಂತ ಚಿಕ್ಕಂದಿನಲ್ಲಿ ಅರ್ಥವಾಗುತ್ತಿರಲಿಲ್ಲ. ಈಗ ಆಗುತ್ತದೆ. ಹಸಿದವರನ್ನು ಉಣಿಸುವುದಕ್ಕೆ ಎಣಿಸುವುದು ಬೇರೆ, ತನ್ನ ಬಲ ತೋರಿಸಲು ಎಣಿಸುವುದು ಬೇರೆ.

ಬೆಳ್ತಂಗಡಿ ತಾಲೂಕಿನ ಎರಡು ಊರುಗಳನ್ನು ನೋಡಿ. ನೆರಿಯ ಗ್ರಾಮದ ಬಾಂಜಾರುಮಲೆ ಕಾಡೊಳಗಿನ ಮಲೆಕುಡಿಯರ ಊರು. 2024ರಲ್ಲಿ ಅಲ್ಲಿನ 111 ಮತದಾರರಲ್ಲಿ 111 ಜನವೂ ಓಟು ಹಾಕಿದರು. ನೂರಕ್ಕೆ ನೂರು! ಪತ್ರಿಕೆಗಳಲ್ಲಿ ಬಂತು, ಎಲ್ಲರೂ ಶಹಬ್ಬಾಸ್ ಅಂದರು. ಇನ್ನೊಂದು ಊರು ಕುತ್ಲೂರು, ಅದೂ ಮಲೆಕುಡಿಯರದೇ. ಅಲ್ಲಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಹುಡುಗ. 2012ರಲ್ಲಿ ಅವರನ್ನೂ ಅವರ ತಂದೆಯನ್ನೂ ನಕ್ಸಲರ ನಂಟಿದೆಯೆಂದು ಹಿಡಿದರು. ದೇಶದ್ರೋಹ, ಯು.ಎ.ಪಿ.ಎ. ಎಲ್ಲ ಹೇರಿದರು. ಮನೆಯಲ್ಲಿ ಸಿಕ್ಕ ಸಾಕ್ಷಿ ಯಾವುದು? ಭಗತ್ ಸಿಂಗರ ಒಂದು ಪುಸ್ತಕ, ಮತ್ತೆ ಊರಿಗೆ ಮೂಲ ಸೌಕರ್ಯ ಕೊಡುವ ತನಕ ಲೋಕಸಭಾ ಚುನಾವಣೆ ಬಹಿಷ್ಕರಿಸುತ್ತೇವೆ ಅಂತ ಬರೆದ ಕಾಗದ. ಅದರಲ್ಲಿ ಇರುವುದು ಊರವರ ಬೇಡಿಕೆಗಳೇ ಅಂತ ಹೇಳಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತು ವರ್ಷ!

ಗೆಳೆಯರೇ, ಇಲ್ಲಿಯೇ ನಮ್ಮ ಪ್ರಶ್ನೆ ಇರುವುದು. ಓಟು ಹಾಕುವುದು ತನ್ನಷ್ಟಕ್ಕೇ ಪುಣ್ಯವಾದರೆ ಹಾಕುವುದಿಲ್ಲ ಅನ್ನುವುದು ತನ್ನಷ್ಟಕ್ಕೇ ಪಾಪವಾಗುತ್ತದೆ. ಆಗ ರಸ್ತೆ ಯಾಕಿಲ್ಲ ಅನ್ನುವ ಪ್ರಶ್ನೆ ಸತ್ತು ಹೋಗುತ್ತದೆ. ಬಂದವರು ಒಳ್ಳೆಯವರು, ಬಾರದವರು ದ್ರೋಹಿಗಳು, ಇಷ್ಟೇ ಉಳಿಯುತ್ತದೆ. ಕೆಲಸಕ್ಕೆ ಬಂದವರನ್ನು ಬಾಯಿ ತುಂಬಾ ಹೊಗಳಿ ಕೂಲಿ ಮಾತ್ರ ಕೊಡದ ಧಣಿಯನ್ನು ನಮ್ಮ ಅಜ್ಜಂದಿರು ಕಂಡಿದ್ದಾರೆ. ಈ ಹೊಗಳಿಕೆಯ ದನಿ ಅದೇ.

ಶೇಕಡಾ ಬಾಯಿಲ್ಲದ್ದು. 2013ರ ವಿಧಾನಸಭಾ ಚುನಾವಣೆಯಲ್ಲಿ ಈ ಜಿಲ್ಲೆಯ 8 ಕ್ಷೇತ್ರಗಳಲ್ಲಿ 7 ಕಾಂಗ್ರೆಸ್ಸಿಗೆ, 2018ರಲ್ಲಿ 7 ಬಿ.ಜೆ.ಪಿ.ಗೆ. ಶೇಕಡಾ ನೋಡಿ ಈ ತಿರುವು ಯಾರಿಗಾದರೂ ತಿಳಿಯುತ್ತದೆಯೇ? 2024ರಲ್ಲಿ ನಮ್ಮ ಕ್ಷೇತ್ರದ 23 ಸಾವಿರಕ್ಕೂ ಹೆಚ್ಚು ಜನ ನೋಟಾ ಒತ್ತಿದರು. 2012ರಲ್ಲಿ ಧರ್ಮಸ್ಥಳದ ಬಳಿ ಅತ್ಯಾಚಾರಕ್ಕೆ, ಕೊಲೆಗೆ ಬಲಿಯಾದ ವಿದ್ಯಾರ್ಥಿನಿಗೆ ನ್ಯಾಯ ಕೇಳುತ್ತಿದ್ದವರು ನೋಟಾ ಒತ್ತಿ ಅಂತ ಕರೆ ಕೊಟ್ಟಿದ್ದರು. ನೀವು ಯಾರೂ ಬೇಡ ಅಂತ ಹೇಳಲು ಬಂದವರನ್ನೂ ಆ 77ರೊಳಗೆ ಸೇರಿಸಿ ಹಬ್ಬ ಮಾಡಿಬಿಟ್ಟರು.

ನಮ್ಮ ಮಾತಿಗೆ ಬರೋಣ. 2008ರ ಮೇ ತಿಂಗಳಲ್ಲಿ ನಮ್ಮ ಹಿರಿಯರೂ ಸಾಲು ನಿಂತಿದ್ದರು. ನಾಲ್ಕೇ ತಿಂಗಳು. ಸೆಪ್ಟೆಂಬರ್ 14ರ ಭಾನುವಾರ ಮಿಲಾಗ್ರಿಸ್ ಬಳಿಯ ಸನ್ಯಾಸಿನಿಯರ ಆರಾಧನಾ ಮಂದಿರಕ್ಕೆ ನುಗ್ಗಿ ಒಡೆದರು. ಪ್ರತಿಭಟಿಸಿದವರಿಗೆ ಪೊಲೀಸರ ಲಾಠಿ. ನ್ಯಾಯಮೂರ್ತಿ ಸೋಮಶೇಖರ ಆಯೋಗ 2011ರಲ್ಲಿ ವರದಿ ಕೊಟ್ಟಿತು, ಕ್ರೈಸ್ತ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ಸಾಲು ನಿಂತ ಪುಣ್ಯ ಆ ದಿನ ಎಲ್ಲಿ ಹೋಗಿತ್ತು? ಆದರೂ ಚುನಾವಣೆ ಬಂದಾಗ ಪೂಜೆ ಮುಗಿದ ಮೇಲೆ ಪ್ರಕಟಣೆ ಓದುತ್ತಾರೆ: ಮತದಾನ ಪವಿತ್ರ ಕರ್ತವ್ಯ. ಕರ್ತವ್ಯವೇ ಹೌದು. ಆದರೆ ಇಗರ್ಜಿಯ ಒಳಗೇ ಜಾತಿ ನೋಡಿ ಸಂಬಂಧ ಮಾಡುವವರು ಯಾವ ಬಾಯಲ್ಲಿ ಪವಿತ್ರ ಅನ್ನುತ್ತಾರೆ?

ಇನ್ನೂ ಒಂದಿದೆ. ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅಲ್ಲಿನ ಹೊಲೆಗೇರಿಯಿಂದ ಬಂದು ಕ್ರೈಸ್ತರಾದವರು ಸಾಲು ನಿಂತು ಓಟು ಹಾಕಬಹುದು, ಅಭ್ಯರ್ಥಿಯಾಗಿ ನಿಲ್ಲುವಂತಿಲ್ಲ. 1950ರ ರಾಷ್ಟ್ರಪತಿ ಆದೇಶದ ಮೂರನೇ ಕಲಮು ಹಿಂದೂ ಅಲ್ಲದವರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರಿಗೆ ತೆರೆಯಲಿಲ್ಲ. ಶಿಲುಬೆ ಕಂಡ ಕೂಡಲೇ ಊರವರು ಜಾತಿ ಮರೆಯುತ್ತಾರೆಯೇ? ಮರೆಯುವುದು ಕಾನೂನು ಮಾತ್ರ. ನಮ್ಮ ಬೆರಳು ಶಾಯಿಗೆ ಬೇಕು, ನಮ್ಮ ತಲೆ ಸದನಕ್ಕೆ ಬೇಡ.

ಹಾಗಾದರೆ ಓಟು ಹಾಕಬೇಡಿ ಅನ್ನುತ್ತೀರಾ ಅಂತ ಕೇಳಬಹುದು. ಖಂಡಿತ ಇಲ್ಲ. ನಾವು ಮನೆಯಲ್ಲಿ ಕೂತರೆ ಉಳ್ಳವರಿಗೆ ಅದಕ್ಕಿಂತ ಸುಖ ಇನ್ನಿಲ್ಲ. ಹಾಕೋಣ, ಒಂದೂ ತಪ್ಪದೆ ಹಾಕೋಣ. ಆದರೆ ಹಾಕಿದ್ದಕ್ಕೆ ಯಾರಿಂದಲೂ ಶಹಬ್ಬಾಸ್ ಬೇಡ. ಓಟು ನಾವು ಕೊಟ್ಟ ಸಾಲ. ಕೊಟ್ಟವನನ್ನು ಹೊಗಳಿದರೆ ಸಾಲ ತೀರುವುದಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಬೂತಿನಲ್ಲಿ ಕೂತು ಬೆರಳಿಗೆ ಶಾಯಿ ಹಚ್ಚುವವರು ನೀವೇ. ವಿದ್ಯಾರ್ಥಿ ಮಿತ್ರರೇ, ಮತದಾನ ಜಾಗೃತಿಯ ಮಾನವ ಸರಪಳಿಗೆ ಬಿಸಿಲಲ್ಲಿ ನಿಲ್ಲುವವರು ನೀವೇ. ಎಷ್ಟು ಜನ ಬಂದರು ಅನ್ನುವ ಲೆಕ್ಕ ಸರ್ಕಾರದ ಹತ್ತಿರ ಇರಲಿ. ಬಂದವರಿಗೆ ಏನು ಬಂತು ಅನ್ನುವ ಲೆಕ್ಕ ನಾವು ಇಡೋಣ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ತೆಗೆದಿಟ್ಟ ಡಿ.ಸಿ. ಮನ್ನಾ ಭೂಮಿ ನಿಮ್ಮ ಊರಲ್ಲಿ ಎಷ್ಟು ಎಕರೆ, ಯಾರ ಕೈಯಲ್ಲಿದೆ? ಕಾಡಿನ ಊರಿಗೆ ಸೇತುವೆ ಬಂತೇ? ಊರೂರಲ್ಲಿ ಈ ಲೆಕ್ಕ ಬರೆದು, ಮುಂದಿನ ಸಲ ಮನೆಬಾಗಿಲಿಗೆ ಕೈ ಮುಗಿದು ಬರುವವರ ಮುಂದೆ ಓದಿ ಹೇಳೋಣ.