ಓಟ ಮುಗಿದ ಕುದುರೆಯ ಋಣ

ದಾವಣಿ ಎಂದರೆ ದನಕರುಗಳನ್ನು ಸಾಲಾಗಿ ಕಟ್ಟುವ ಹಗ್ಗ. ದಾವಣಗೆರೆಯ ಹೆಸರನ್ನು ಆ ಹಗ್ಗಕ್ಕೇ ಜೋಡಿಸಿ ಹೇಳುವವರಿದ್ದಾರೆ. ಆ ಹಗ್ಗ ಕಟ್ಟಿದವನನ್ನೂ ಕಟ್ಟಿಹಾಕುತ್ತದೆ ಎಂಬುದು ನನ್ನ ವಾದ. ರೇಸಿನಿಂದ ನಿವೃತ್ತವಾದ ಕುದುರೆಯ ಕಾಲಿಗೆ ಪೆಟ್ಟಾದಾಗ ಈ ಮಾತು ಪರೀಕ್ಷೆಗೆ ಬೀಳುತ್ತದೆ. ಅದರ ಮುಂಗಾಲಿನ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬಹುದು; ಎಲುಬು, ಸ್ನಾಯುರಜ್ಜು, ತೆಳುಚರ್ಮ, ಅಷ್ಟೇ. ಊದಿದ ಕಾಲನ್ನು ಅದು ಎತ್ತಿ ಹಿಡಿದರೆ ಸುಮಾರು 450 ಕೆ.ಜಿ. ಭಾರ ಉಳಿದ ಕಾಲುಗಳ ಮೇಲೆ ಬಿದ್ದು, ಗೊರಸಿನೊಳಗೆ ಉರಿಯೂತ ಹುಟ್ಟಬಹುದು. ಆದ್ದರಿಂದ ಆರೈಕೆ ಮಾಡುವವರು ಗಟ್ಟಿಯಿರುವ ಕಾಲಿಗೂ ಪಟ್ಟಿ ಸುತ್ತಬೇಕು, ಮೆತ್ತಗೆ ಹುಲ್ಲು ಹಾಸಬೇಕು, ತಿಂಗಳುಗಟ್ಟಲೆ ಕಾಯಬೇಕು.

ದುಡಿಯದ ಪ್ರಾಣಿಗೆ ಇಷ್ಟು ಖರ್ಚೇಕೆ, ಬಡವರಿಲ್ಲವೇ ಎಂದು ಕೇಳುತ್ತಾರೆ. ಮಾತಿನಲ್ಲಿ ತೂಕವಿದೆ. ಆದರೆ ಕುದುರೆಯ ಓಟದಿಂದ ಲಾಭ ಪಡೆದವರ ಸಾಲವನ್ನು ಬಡವರ ಹೆಸರಿನಲ್ಲಿ ಮನ್ನಾ ಮಾಡಲಾಗದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಸಾಕುವವನ ಕರ್ತವ್ಯವನ್ನು ಪ್ರಾಣಿಯ ದುಡಿಮೆಗೆ ಗಂಟುಹಾಕಿಲ್ಲ. ಕುದುರೆಯ ನೋವು ಅದರ ಪೂರ್ವಕರ್ಮ ಎನ್ನುವ ವಾದವೂ ನಿಲ್ಲದು; ಕೈಚಾಚದೆ ನಿಂತದ್ದು ನಮ್ಮ ಕರ್ಮವಾಗುತ್ತದಲ್ಲ! ನಿಜವಾದ ಕಷ್ಟ ಬೇರೆ: ವಾಸಿಯಾಗದ ನೋವಿನಲ್ಲಿ ಉಳಿಸಿಕೊಳ್ಳುವುದು ದಯೆಯೇ? ಹರಿಹರದಲ್ಲಿ ಪೊಲಾಳ್ವ ದಂಡನಾಥ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಕಾಯುವ ಹರಿ, ಲಯಗೊಳಿಸುವ ಹರ ಒಂದೇ ಮೂರ್ತಿ. ಹಾಗೆಯೇ ನೋವಿಲ್ಲದ ಸಾವೂ ಆರೈಕೆಯ ಭಾಗವಾಗಬಹುದೆಂದು ನಾನು ಒಪ್ಪುತ್ತೇನೆ. ಖರ್ಚಿನ ಲೆಕ್ಕ ಹಾಕುವ ಮೊದಲು ಪಶುವೈದ್ಯರನ್ನು ಕರೆಸಿ ಆ ಕಾಲನ್ನು ತೋರಿಸಿ.