ಪುಕ್ಕಟೆ ಸೇವೆಗೂ ಲೆಕ್ಕ ಒಪ್ಪಿಸಬೇಕೇ?



ನಿಮ್ಮ ಧರ್ಮಕೇಂದ್ರಕ್ಕೂ ಒಂದು ವೆಬ್‌ಸೈಟ್ ಇರಬಹುದು. ಅದನ್ನು ಕಟ್ಟಿದವನು ಬಹುಶಃ ಗಾಯನವೃಂದದಲ್ಲಿ ಕೀಬೋರ್ಡ್ ನುಡಿಸುವ ಹುಡುಗ. ಕಾಸು ಕೇಳಲಿಲ್ಲ. ನಿದ್ದೆಗೆಟ್ಟು ಬಲಿಪೂಜೆಯ ವೇಳೆ, ಹಬ್ಬದ ಫೋಟೊ ಎಲ್ಲ ಸೇರಿಸಿದ. ಹಬ್ಬದ ದಿನ ಸ್ವಾಮಿಗಳು ಶಾಲು ಹೊದಿಸಿದರು, ನಾವು ಚಪ್ಪಾಳೆ ತಟ್ಟಿದೆವು. ಅಲ್ಲಿಗೆ ಎಲ್ಲರೂ ಮರೆತೆವು.

ಆಮೇಲೆ ಅವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು ಎನ್ನಿ. ಪಾಸ್‌ವರ್ಡ್ ಅವನ ಬಳಿಯೇ ಉಳಿಯಿತು. ಶುಭ ಶುಕ್ರವಾರ ಮೊಮ್ಮಗ ಮೊಬೈಲಿನಲ್ಲಿ ನೋಡಿ ಹೇಳಿದ ಹೊತ್ತಿಗೆ ಬಸ್ಸು ಹಿಡಿದು ಬಂದ ಅಜ್ಜಿಗೆ ಆರಾಧನೆ ತಪ್ಪಿತು, ಅದು ಹೋದ ವರ್ಷದ ವೇಳೆ! ವೆಬ್‌ಸೈಟಿನ ಹೆಸರಿಗೆ ಕಾಲಕಾಲಕ್ಕೆ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಕೊನೆಗೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು, ನಮ್ಮ ಸಂತರ ಹೆಸರಿನ ವಿಳಾಸದಲ್ಲಿ ಜೂಜಿನ ಜಾಹೀರಾತನ್ನೂ ಹಾಕಬಹುದು.

ಕೇಳಿದರೆ ಹುಡುಗ ಏನನ್ನುತ್ತಾನೆ? "ನಾನೇನು ಸಂಬಳ ತೆಗೆದುಕೊಂಡಿದ್ದೆನೇ?"

ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಒಬ್ಬನ ಹೆಗಲಿಗೆ ಎಲ್ಲ ಹೊರಿಸಿ ಕೈತೊಳೆದುಕೊಂಡವರು ನಾವು. ಗೋದಲಿ ಕಟ್ಟಲು ಹತ್ತು ಜನ ಬರುತ್ತಾರೆ, ಈ ಕೆಲಸಕ್ಕೆ ಎರಡನೆಯವನೂ ಬರಲಿಲ್ಲ. ಆದರೂ ಸಂಬಳವಿಲ್ಲದ ಕಡೆ ಹೊಣೆಯೂ ಇಲ್ಲವೇ?

ಸಂತ ಪೌಲರನ್ನು ನೋಡಿ. ಕೊರಿಂಥದವರಿಗೆ ತಾವು ಶುಭಸಂದೇಶ ಸಾರಿದ್ದು ಉಚಿತವಾಗಿ ಎಂದು ಅವರು ಮೊದಲನೆಯ ಪತ್ರದ 9ನೇ ಅಧ್ಯಾಯದಲ್ಲಿ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಆದರೆ ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಮಾತು ಬಂದಾಗ, ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ, ತೀತನೊಡನೆ ಇನ್ನಿಬ್ಬರು ಸಹೋದರರನ್ನೂ ಕಳುಹಿಸುತ್ತಾರೆ. ಯಾರೂ ಬೆರಳು ತೋರಿಸಬಾರದೆಂಬ ಎಚ್ಚರ ಅವರಿಗಿತ್ತು. ಕೂಲಿ ಬಿಟ್ಟುಕೊಡಲು ಪೌಲರಿಗೆ ಹಕ್ಕಿತ್ತು, ಅದು ಅವರದೇ. ಬಡವರ ಹಣ ಅವರದಲ್ಲ.

ವೆಬ್‌ಸೈಟಿನಲ್ಲಿಯೂ ಹಾಗೆಯೇ. ಹುಡುಗನ ರಾತ್ರಿಗಳು ಅವನವು, ಅವನು ಕೊಡಬಹುದು. ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಗುವಿನ ಫೋಟೊ, ಪೂರ್ತಿ ಹೆಸರು, ಓದುವ ಶಾಲೆ ಇವು ಅವನವಲ್ಲ, ಸ್ವಾಮಿಗಳವೂ ಅಲ್ಲ. ಸಾವಾದ ಮನೆಯ ಫೋನ್ ನಂಬರೂ ಅಷ್ಟೇ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾಯ್ದೆ ಮಕ್ಕಳ ಡಿಜಿಟಲ್ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಒಂದು ಮಾತು ಕೇಳಲು ನಮಗೆ ಕಾಯ್ದೆ ಬೇಕಾಯಿತೇ?

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುಟಿಸ್ ಕೂಡ ಹವ್ಯಾಸಿಯೇ. ಮಿಲಾನಿನಲ್ಲಿ ತನ್ನ ಧರ್ಮಕೇಂದ್ರದ ವೆಬ್‌ಸೈಟಿಗೆ ದುಡಿದ, ಪರಮಪ್ರಸಾದದ ಅದ್ಭುತಗಳ ವಿವರ ಕಲೆಹಾಕಿದ. 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು ಹದಿನೈದು. ಆ ಸಂಗ್ರಹ ಅವನೊಂದಿಗೆ ಮಣ್ಣಾಗಲಿಲ್ಲ. ಬೇರೆಯವರು ಕೈಗೆತ್ತಿಕೊಂಡರು, ಪ್ರದರ್ಶನವಾಗಿ ಅದು ಹಲವು ದೇಶಗಳನ್ನು ಸುತ್ತಿತು.

ನಮ್ಮ ಸ್ವಾಮಿಗಳಿಗೆ ವರ್ಗವಾದಾಗ ಜ್ಞಾನಸ್ನಾನದ ರಿಜಿಸ್ಟರು ಅವರ ಪೆಟ್ಟಿಗೆಯಲ್ಲಿ ಹೋಗುವುದಿಲ್ಲ, ಬೀರುವಿನಲ್ಲೇ ಇರುತ್ತದೆ. ಆ ಕೀಬೋರ್ಡಿನ ಹುಡುಗ ನಿಮ್ಮ ಮಗನೇ ಆಗಿದ್ದರೆ, ಅವನು ಹೊರಡುವ ಹಿಂದಿನ ರಾತ್ರಿ ಉಪ್ಪಿನಕಾಯಿ ಕಟ್ಟಿಕೊಡುವಾಗ ಕೇಳಿ: "ಪಾಸ್‌ವರ್ಡು ಯಾರ ಕೈಗೆ ಕೊಟ್ಟೆ, ಮಗನೇ?"